ತೆರೆದ ಮೈಯ ಹಳೆಯ ಕಾರು ಮತ್ತು ಅದರ ಹೊಸ ಒಡೆಯ

ಶ್ರೀರಂಗಪಟ್ಟಣ ತಾಲ್ಲೂಕಿನ ನಗುವನಹಳ್ಳಿಯ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ‘ಪಯಣ’ ಎಂಬ ಕಾರುಗಳ ವಸ್ತುಸಂಗ್ರಹಾಲಯವಿದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಸಂಗ್ರಹಿಸಿದ ಹಳೆಯ ವಾಹನಗಳಲ್ಲಿ ಹಲವು ಅಲ್ಲಿ ಸಾಲಾಗಿ ನಿಂತಿವೆ. ಅದನ್ನು ನೋಡಿ ಬಂದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಸಾರ್, ಇವು ಇನ್ನೂ ಓಡುವುವೇ?’ ಪ್ರಶ್ನೆ ಸಹಜವಾದುದು. ಆದರೆ ಅದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಯುಂಟು. ಕೊಡಗಿನ ಯಾವುದೋ ಕಾಫಿ ತೋಟದ ಷೆಡ್ಡಿನಲ್ಲಿಯೋ ಊರಿನ ಹಳೆಯ ಮನೆಯ ಹಿಂಭಾಗದಲ್ಲಿಯೋ ಮೂವತ್ತು ವರ್ಷ ಮಲಗಿದ್ದ ಎರಡು ಆಸನದ ಇಂಗ್ಲಿಷ್ ಕಾರೊಂದು ಪಾಲಿಗೆ ಬಂದಿತೆನ್ನೋಣ. ಮೊದಲು ಏನು ಮಾಡಬೇಕು? ಈ ಪ್ರಶ್ನೆಯ ಉತ್ತರದಲ್ಲಿ ಮನೆಯ ಹಣದ ಮಾತೂ ಇದೆ, ಪ್ರಾಣದ ಮಾತೂ ಇದೆ. ಅಷ್ಟೇ ಅಲ್ಲ, ಪದವಿಪೂರ್ವ ತರಗತಿಯ ಭೌತವಿಜ್ಞಾನದ ಅರ್ಧಪಾಲು ಅದರಲ್ಲಿ ಅಡಗಿದೆ.

ಇಂಥ ಕಾರುಗಳೆಂದರೆ ಮುಖ್ಯವಾಗಿ ಎಂ.ಜಿ., ಟ್ರಯಂಫ್, ಆಸ್ಟಿನ್-ಹೀಲಿ ಎಂಬ ಹೆಸರಿನವು. ಎಂ.ಜಿ. ಎಂಬುದು ಆಕ್ಸ್‌ಫರ್ಡಿನ ‘ಮಾರಿಸ್ ಗ್ಯಾರೇಜಸ್’ ಎಂಬ ಅಂಗಡಿಯ ಹೆಸರಿನ ಮೊದಲ ಅಕ್ಷರಗಳು. ಆ ಅಂಗಡಿಯ ಮ್ಯಾನೇಜರಾಗಿದ್ದ ಸೆಸಿಲ್ ಕಿಂಬರ್ ಎಂಬಾತ ಸಾಧಾರಣವಾದ ಮಾರಿಸ್ ಕಾರುಗಳಿಗೆ ಹಗುರವಾದ ಚೆಲುವಾದ ಮೈಯನ್ನು ತೊಡಿಸಿ ಮಾರತೊಡಗಿದ. ಹೀಗೆ ಹುಟ್ಟಿದ ಪರಂಪರೆಯಲ್ಲಿ 1945ರ ಟಿ.ಸಿ., ಅದರ ತಮ್ಮನಾದ ಟಿ.ಡಿ., 1955ರ ಎಂ.ಜಿ.ಎ., 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಇವು ಪ್ರಸಿದ್ಧವಾದವು. ಆಬಿಂಗ್ಡನ್ ಊರಿನ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. 2019ರಿಂದ ನಮ್ಮ ರಸ್ತೆಗಳಲ್ಲಿ ಕಾಣುತ್ತಿರುವ ಎಂ.ಜಿ. ಕಾರುಗಳಿಗೂ ಇವಕ್ಕೂ ಹೆಸರಿನ ನಂಟೇ ಹೊರತು ಒಂದು ಬೋಲ್ಟಿನ ನಂಟೂ ಇಲ್ಲ.

ಇಷ್ಟು ದೂರದ ಕಾರನ್ನು ಪಾಂಡವಪುರದಲ್ಲಿಯೋ ಕೃಷ್ಣರಾಜಪೇಟೆಯಲ್ಲಿಯೋ ಯಾರು ರಿಪೇರಿ ಮಾಡಿಯಾರು ಎಂದು ಹೊಸ ಒಡೆಯ ಕಂಗೆಡುವುದುಂಟು. ಇಲ್ಲಿಯೇ ಒಂದು ಸಂತೋಷದ ಸಂಗತಿಯಿದೆ. ನಮ್ಮ ಅಂಬಾಸಿಡರ್ ಕಾರಿಗೆ 1959ರಿಂದ ಹಾಕತೊಡಗಿದ 1489 ಘನ ಸೆಂಟಿಮೀಟರಿನ ಎಂಜಿನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಯದು. ಮೊದಲ ಎಂ.ಜಿ.ಎ. ಕಾರಿನಲ್ಲಿದ್ದುದೂ ಅದೇ ಅಳತೆಯ, ಅದೇ ಮನೆತನದ ಎಂಜಿನು: ಸಿಲಿಂಡರಿನ ವ್ಯಾಸ ಸುಮಾರು 73 ಮಿಲಿಮೀಟರು, ಪಿಸ್ಟನ್ನಿನ ಓಟ 88.9 ಮಿಲಿಮೀಟರು. ಎಂ.ಜಿ.ಬಿ.ಯಲ್ಲಿ ಓಟವನ್ನು ಹಾಗೆಯೇ ಉಳಿಸಿ ವ್ಯಾಸವನ್ನು 80 ಮಿಲಿಮೀಟರಿಗಿಂತ ತುಸು ಹೆಚ್ಚಿಸಿದರು; ಗಾತ್ರ 1798 ಘನ ಸೆಂಟಿಮೀಟರಾಯಿತು. ಎಂದರೆ, ನಲವತ್ತು ವರ್ಷ ಅಂಬಾಸಿಡರಿನ ವಾಲ್ವುಗಳನ್ನು ಸರಿಪಡಿಸಿದ ಮುದುಕ ಮೆಕ್ಯಾನಿಕ್ಕಿಗೆ ಎಂ.ಜಿ.ಯ ಬಾನೆಟ್ಟಿನ ಕೆಳಗೆ ಕಾಣುವುದು ಹೊಸ ಮುಖವಲ್ಲ, ಪರಿಚಿತನ ಅಣ್ಣ. ಎಲ್ಲ ಬಿಡಿಭಾಗಗಳೂ ಅದಲುಬದಲಾಗುವುವೆಂದು ತಿಳಿಯಬಾರದು. ಆದರೆ ಆ ಕೈಯ ಅನುಭವ ಪೂರ್ತಿಯಾಗಿ ಉಪಯೋಗಕ್ಕೆ ಬರುವುದು. ಹಾಗೆಯೇ, 1961ರಿಂದ 1971ರವರೆಗೆ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಬಲ್ಲವನಿಗೆ ಟ್ರಯಂಫ್ ಸ್ಪಿಟ್‌ಫೈರಿನ ಅಡಿಭಾಗ ಅಪರಿಚಿತವಲ್ಲ. ಸ್ಪಿಟ್‌ಫೈರು ಹುಟ್ಟಿದ್ದೇ ಹೆರಾಲ್ಡಿನ ಭಾಗಗಳಿಂದ. ಅಂಥ ಮೆಕ್ಯಾನಿಕ್ಕುಗಳು ಈಗ ವಿರಳರಾಗುತ್ತಿದ್ದಾರೆ. ಬಿಡಿಭಾಗಗಳನ್ನು ಇಂದಿಗೂ ಇಂಗ್ಲೆಂಡಿನಿಂದ ತರಿಸಬಹುದು; ಅವರ ಕೈಗಳನ್ನು ತರಿಸಲಾಗದು. ಹೊಸ ಒಡೆಯ ಮೊದಲು ಹುಡುಕಬೇಕಾದುದು ಅವರನ್ನು.

ಕಾರು ಮನೆಗೆ ಬಂದ ದಿನವೇ ಎಂಜಿನನ್ನು ಚಾಲೂ ಮಾಡಿ ನೋಡುವ ಆಸೆ ಎಲ್ಲರಿಗೂ ಆಗುವುದು. ಅದನ್ನು ತಡೆಯಬೇಕು. ಬಹುಕಾಲ ನಿಂತ ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಉಂಗುರಗಳಿಗೂ ನಡುವೆ ತುಕ್ಕು ಕಟ್ಟಿರಬಹುದು. ಸ್ಟಾರ್ಟರಿನ ಬಲದಿಂದ ತಿರುಗಿಸಿದರೆ ಉಂಗುರ ಮುರಿಯುವುದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ರಂಧ್ರಗಳಲ್ಲಿ ತೆಳುವಾದ ಎಣ್ಣೆಯನ್ನು ಸುರಿದು ಎರಡು ದಿನ ಬಿಟ್ಟು, ಬಳಿಕ ಕೈಯಿಂದಲೇ ನಿಧಾನವಾಗಿ ತಿರುಗಿಸಿ ನೋಡಬೇಕು. ಅಷ್ಟಕ್ಕೂ ಎಂಜಿನು ಈ ಕಾರಿನ ಅತ್ಯಂತ ಕಷ್ಟದ ಭಾಗವಲ್ಲ. ಕಷ್ಟವಿರುವುದು ಅದರ ಮೈಯಲ್ಲಿ.

ತೆರೆದ ಕಾರಿನ ಮೈ ಏಕೆ ಅಷ್ಟು ನಾಜೂಕಾದುದು ಎಂಬುದನ್ನು ಅರಿಯಲು ಒಂದು ಸರಳ ಪ್ರಯೋಗ ಸಾಕು. ಒಂದು ಕಾಗದವನ್ನು ಕೊಳವೆಯಂತೆ ಸುರುಳಿಮಾಡಿ ಅಂಚುಗಳನ್ನು ಗೋಂದಿನಿಂದ ಅಂಟಿಸಿರಿ. ಅದೇ ಅಳತೆಯ ಇನ್ನೊಂದು ಕಾಗದವನ್ನು ಸುರುಳಿಮಾಡಿ ಅಂಟಿಸದೆ ಬಿಡಿರಿ. ಎರಡನ್ನೂ ಎರಡು ಕೊನೆಗಳಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿರಿ. ಅಂಟಿಸಿದುದು ಗಟ್ಟಿಯಾಗಿ ಎದುರು ನಿಲ್ಲುವುದು. ಅಂಟಿಸದುದು ಕೈಗೆ ಸಿಕ್ಕಂತೆ ತಿರುಚಿಕೊಳ್ಳುವುದು. ಕಾಗದ ಅದೇ, ತೂಕ ಅದೇ. ಬೇರೆಯಾದುದು ಒಂದು ಸೀಳು ಮಾತ್ರ. ತೆಳುಗೋಡೆಯ ಕೊಳವೆಗೆ ಈ ವ್ಯತ್ಯಾಸವನ್ನು ಲೆಕ್ಕಹಾಕಬಹುದು: ವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, ಅದರ ಮುಕ್ಕಾಲುಪಾಲನ್ನು ತೆಗೆದುಕೊಂಡರೆ ಮುಚ್ಚಿದ ಕೊಳವೆ ಸೀಳಿದ ಕೊಳವೆಗಿಂತ ಎಷ್ಟು ಪಾಲು ಬಿಗಿ ಎಂಬುದು ದೊರೆಯುವುದು. 50 ಮಿಲಿಮೀಟರು ವ್ಯಾಸ, 1 ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆಗೆ ಇದು 1875 ಪಾಲು!

ಛಾವಣಿಯುಳ್ಳ ಕಾರು ಮುಚ್ಚಿದ ಪೆಟ್ಟಿಗೆ. ಛಾವಣಿಯನ್ನು ಕತ್ತರಿಸಿದೊಡನೆ ಅದು ಮುಚ್ಚಳ ತೆಗೆದ ಬೂಟಿನ ಡಬ್ಬಿಯಾಗುವುದು. ಟಿ.ಸಿ., ಟಿ.ಡಿ., ಎಂ.ಜಿ.ಎ. ಕಾರುಗಳಲ್ಲಿ ಕೆಳಗೆ ಬೇರೆಯಾದ ಗಟ್ಟಿ ಚಾಸಿಸ್ ಇದ್ದುದರಿಂದ ಈ ಚಿಂತೆ ಕಡಿಮೆ. ಎಂ.ಜಿ.ಬಿ.ಗೆ ಬೇರೆ ಚಾಸಿಸ್ ಇಲ್ಲ, ಮೈಯೇ ಚಾಸಿಸ್. ಹಾಗಾದರೆ ಅದು ನಡುವಿನಲ್ಲಿ ಮಡಚಿಕೊಳ್ಳದಂತೆ ತಡೆದಿರುವುದು ಯಾವುದು? ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹರಿದಿರುವ ಎರಡು ಪೆಟ್ಟಿಗೆಯಾಕಾರದ ತೊಲೆಗಳು, ನಡುವೆ ಗೇರುಪೆಟ್ಟಿಗೆಯನ್ನು ಮುಚ್ಚಿದ ಸುರಂಗ. ಈ ತೊಲೆಗಳನ್ನು ಮೆಕ್ಯಾನಿಕ್ಕುಗಳು ‘ಸಿಲ್’ ಎನ್ನುವರು. ಮೊದಲು ತುಕ್ಕು ಹಿಡಿಯುವುದೂ ಅವೇ, ಹೊರಗಿನಿಂದ ಕಾಣದಿರುವುದೂ ಅವೇ. ಪೆಟ್ಟಿಗೆಯ ಒಂದು ಮೂಲೆ ತುಕ್ಕಿನಿಂದ ಬಿರಿಯಿತೆಂದರೆ ಅಂಟಿಸದ ಕಾಗದದ ಕಥೆಯೇ ಅಲ್ಲಿಯೂ ಆಗುವುದು.

ಇದನ್ನು ತಿಳಿಯುವ ಬಗೆ ಸುಲಭ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಬಾಗಿಲು ತೆರೆದು ಮುಚ್ಚಿ ನೋಡಿರಿ. ಬಾಗಿಲಿನ ಹಿಂಬದಿಯ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಮೈ ನಡುವಿನಲ್ಲಿ ಬಸಿದಿದೆ ಎಂದು ತಿಳಿಯಬೇಕು. ಇಂಥ ಕಾರಿಗೆ ಹೊಸ ಸಿಲ್ ಹಾಕುವಾಗ ನಡೆಯುವ ಅನರ್ಥವೊಂದುಂಟು. ಟಿಂಕರಿಂಗ್ ಮಾಡುವವನು ಕಾರನ್ನು ಮುಂದೆ ಹಿಂದೆ ಎರಡು ದಿಮ್ಮಿಗಳ ಮೇಲೆ ಏರಿಸಿ, ಎರಡು ಕಡೆಯ ಹಳೆಯ ಸಿಲ್ಲುಗಳನ್ನೂ ಒಮ್ಮೆಗೇ ಕತ್ತರಿಸಿಹಾಕುವನು. ಕಾರು ತನ್ನ ಭಾರಕ್ಕೆ ತಾನೇ ಜಗ್ಗುವುದು. ಆ ಜಗ್ಗಿದ ಸ್ಥಿತಿಯಲ್ಲಿಯೇ ಹೊಸ ತಗಡನ್ನು ಬೆಸೆದರೆ ವಕ್ರತೆ ಶಾಶ್ವತವಾಗುವುದು. ಮುಂದೆ ಎಷ್ಟು ಬಣ್ಣ ಬಳಿದರೂ ಬಾಗಿಲು ಕೂಡದು. ಆದುದರಿಂದ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಆ್ಯಂಗಲನ್ನು ಬೆಸೆದು ಬಿಗಿಮಾಡಬೇಕು. ಒಂದು ಕಡೆಯದು ಮುಗಿದ ಮೇಲೆ ಇನ್ನೊಂದು ಕಡೆಗೆ ಕೈಹಚ್ಚಬೇಕು. ಬಾಗಿಲುಗಳನ್ನು ಆಗಾಗ ತೂಗುಹಾಕಿ ಸಂದುಗಳನ್ನು ಅಳೆಯಬೇಕು. ಇಲ್ಲಿ ಬಾಗಿಲೇ ನಿಮ್ಮ ಅಳತೆಗೋಲು.

ಬೆಸುಗೆಯ ಮಾತು ಬಂದುದರಿಂದ ಪೆಟ್ರೋಲು ಟ್ಯಾಂಕಿನ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ‘ಟ್ಯಾಂಕು ಖಾಲಿಯಾಗಿದೆ, ಭಯವಿಲ್ಲ’ ಎಂಬ ಮಾತು ಎಷ್ಟೋ ವರ್ಕ್‌ಷಾಪುಗಳಲ್ಲಿ ಕೇಳಿಬರುವುದು. ವಾಸ್ತವ ಇದಕ್ಕೆ ತದ್ವಿರುದ್ಧ. ಉರಿಯುವುದು ದ್ರವವಲ್ಲ, ಆವಿ; ಗಾಳಿಯಲ್ಲಿ ಪೆಟ್ರೋಲಿನ ಆವಿ ಗಾತ್ರದಲ್ಲಿ ಸುಮಾರು ಶೇಕಡಾ 1.4ರಿಂದ 7.6ರವರೆಗೆ ಇದ್ದಾಗ ಕಿಡಿ ತಾಗಿದರೆ ಸಿಡಿಯುವುದು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿಲ್ಲ. ಬರಿದಾದ ಟ್ಯಾಂಕಿನಲ್ಲಿ ಗಾಳಿಯೂ ಇದೆ, ತಗಡಿನ ಸಂದಿನಲ್ಲಿ ಉಳಿದ ಚಮಚೆಯಷ್ಟು ಪೆಟ್ರೋಲಿನ ಆವಿಯೂ ಇದೆ. ಅದು ಬಾಂಬೇ ಸರಿ. ಮೈಗೆ ಬೆಸುಗೆ ಹಾಕುವ ಮೊದಲು ಟ್ಯಾಂಕನ್ನು ಬಿಚ್ಚಿ ದೂರ ಇಡಬೇಕು. ಟ್ಯಾಂಕೇ ತೂತಾಗಿದ್ದರೆ ಹೊಸದನ್ನು ತರಿಸುವುದೇ ಲೇಸು. ಈ ಒಂದು ವಿಷಯದಲ್ಲಿ ಉಳಿತಾಯದ ಮಾತನ್ನು ಆಡಬಾರದು.

ಇನ್ನು ತುಕ್ಕು. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದರೆ ತುಕ್ಕು ಎಂಬುದನ್ನು ಪ್ರೌಢಶಾಲೆಯಲ್ಲಿಯೇ ಓದಿರುವಿರಿ. ಆದರೆ ಗಾಳಿಗೆ ತೆರೆದಿರುವ ಜಾಗಕ್ಕಿಂತ ಕೆಸರು ಮೆತ್ತಿದ, ಗಾಳಿ ಆಡದ ಜಾಗದಲ್ಲಿಯೇ ಕಬ್ಬಿಣ ಹೆಚ್ಚಾಗಿ ತಿನ್ನಲ್ಪಡುವುದೇಕೆ? ಇದು ಒಂದು ವಿದ್ಯುತ್ಕೋಶದ ಕೆಲಸ. ಆಮ್ಲಜನಕ ಹೆಚ್ಚಾಗಿ ದೊರೆಯುವ ಜಾಗ ಒಂದು ಧ್ರುವವಾಗಿಯೂ, ಕಡಿಮೆ ದೊರೆಯುವ ಜಾಗ ಇನ್ನೊಂದು ಧ್ರುವವಾಗಿಯೂ ವರ್ತಿಸುವುವು. ಲೋಹ ಕರಗುವುದು ಎರಡನೆಯದರಲ್ಲಿ. ಉಜ್ಜಿ ಶುಭ್ರಮಾಡಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿಗೆ ಪೊಟಾಸಿಯಂ ಫೆರಿಸಯನೈಡನ್ನೂ ಫಿನಾಫ್ತಲೀನನ್ನೂ ಬೆರೆಸಿ ಒಂದು ತೊಟ್ಟು ಇಟ್ಟರೆ ಇದನ್ನು ಕಣ್ಣಾರೆ ಕಾಣಬಹುದು. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿನ ನಡುವೆ ನೀಲಿಯೂ ಅಂಚಿನಲ್ಲಿ ನಸುಗೆಂಪೂ ಮೂಡುವುವು. ಗಾಳಿ ತಲುಪದ ನಡುವಿನಲ್ಲಿ ಕಬ್ಬಿಣ ಕರಗುತ್ತಿದೆ ಎಂದು ನೀಲಿ ಬಣ್ಣ ಸಾರುತ್ತದೆ. ಕಾಲುವೆಯ ಬಯಲಿನ ಜೇಡಿಮಣ್ಣು ಚಕ್ರದ ಮೇಲಿನ ಕಮಾನಿನಲ್ಲಿಯೂ ಸಿಲ್ಲಿನ ಹಿಂದುಮುಂದಿನ ಮೂಲೆಗಳಲ್ಲಿಯೂ ಮೆತ್ತಿ ಕುಳಿತಾಗ ನಡೆಯುವುದು ಇದೇ. ಕಾರಿನ ಹೊರಮೈಯನ್ನು ಹೊಳೆಯುವಂತೆ ಒರೆಸುವ ಒಡೆಯ, ಅಡಿಯಲ್ಲಿ ಮಲಗಿ ಆ ಮಣ್ಣನ್ನು ಕೆರೆದು ತೆಗೆಯುವುದನ್ನು ಮರೆಯುತ್ತಾನೆ.

ಗಾಳಿಯ ತೇವ ಸುಮಾರು ಶೇಕಡಾ 60ನ್ನು ಮೀರಿದ ಬಳಿಕ ತುಕ್ಕಿನ ವೇಗ ಒಮ್ಮೆಲೇ ಏರುವುದು. ಕಾವೇರಿ, ವಿಶ್ವೇಶ್ವರಯ್ಯ ನಾಲೆ, ಗದ್ದೆಗಳು ಸುತ್ತಿಕೊಂಡಿರುವ ಶ್ರೀರಂಗಪಟ್ಟಣ ಪಾಂಡವಪುರಗಳ ಕಡೆ ಇದು ಲಕ್ಷ್ಯದಲ್ಲಿರಬೇಕಾದ ಮಾತು. ನಾಗಮಂಗಲದ ಒಣಭೂಮಿಯಲ್ಲಿ ಕಾರು ತುಸು ಸುಖವಾಗಿರುವುದು. ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಹೊದಿಸಿದರೆ ತೇವ ಒಳಗೇ ಉಳಿಯುವುದು. ಗಾಳಿಯಾಡುವ ಹತ್ತಿಬಟ್ಟೆಯೇ ಮೇಲು. ಟಿ.ಸಿ., ಟಿ.ಡಿ.ಗಳ ಮೈಯ ಒಳಚೌಕಟ್ಟು ಆ್ಯಷ್ ಎಂಬ ಮರದ್ದು. ಅಲ್ಲಿ ತುಕ್ಕಿನ ಜೊತೆಗೆ ಗೆದ್ದಲಿನ ಭಯವೂ ಸೇರುವುದು.

ಹಳ್ಳಿಯ ಮನೆಗಳಲ್ಲಿ ಕಾರನ್ನು ನಿಲ್ಲಿಸಲು ಜಾಗವಿರುವುದು ಹೆಚ್ಚಾಗಿ ಕೊಟ್ಟಿಗೆಯಲ್ಲಿ. ಇದು ಸರ್ವಥಾ ಕೂಡದು. ಇಲಿಗಳು ಹುಲ್ಲಿನ ರಾಶಿಯಿಂದ ಬಂದು ವೈರುಗಳನ್ನು ಕಡಿಯುವುವೆಂಬುದು ಒಂದು ಕಾರಣ. ಅದಕ್ಕಿಂತ ಸ್ವಾರಸ್ಯವಾದ ಕಾರಣ ಇನ್ನೊಂದಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆಗಾಲ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ ತೋಟಾಗಳು ತಾವಾಗಿಯೇ ಬಿರುಕುಬಿಟ್ಟಿರುತ್ತಿದ್ದುವು. ಮಳೆಗಾಲದ ರೋಗವೆಂದೇ ಇದಕ್ಕೆ ಹೆಸರಾಯಿತು. ನಿಜವಾದ ಕಾರಣ 1921ರಲ್ಲಿ ವಿಶದವಾಯಿತು: ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ ಅನಿಲ, ತಯಾರಿಕೆಯ ಕಾಲದಲ್ಲಿ ಹಿತ್ತಾಳೆಯೊಳಗೆ ಉಳಿದುಹೋದ ಒತ್ತಡ, ಇವೆರಡೂ ಕೂಡಿ ಲೋಹವನ್ನು ಸೀಳುತ್ತಿದ್ದುವು. ಗಂಜಲದಿಂದ ಏಳುವುದೂ ಅದೇ ಅಮೋನಿಯ. ಹಳೆಯ ಇಂಗ್ಲಿಷ್ ಕಾರಿನಲ್ಲಿ ರೇಡಿಯೇಟರು, ಕಾರ್ಬ್ಯುರೇಟರಿನ ಜೆಟ್ಟು, ಪೆಟ್ರೋಲಿನ ಕೊಳವೆಯ ಜೋಡಣೆಗಳು, ವಿದ್ಯುತ್ತಿನ ತುದಿಗಳು ಎಲ್ಲವೂ ತಾಮ್ರ ಹಿತ್ತಾಳೆಗಳು. ಹಿತ್ತಾಳೆ ಕಂಚುಗಳ ಎರಕಕ್ಕೆ ಹೆಸರಾದ ನಾಗಮಂಗಲದ ಸೀಮೆಯವರಿಗೆ ಈ ಲೋಹದ ಗುಣವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ರೇಡಿಯೇಟರಿಗೆ ಕೊಳವೆಬಾವಿಯ ಗಡಸು ನೀರನ್ನು ತುಂಬುವ ಪದ್ಧತಿಯನ್ನೂ ಬಿಡಬೇಕು. ಅನ್ನ ಬೇಯಿಸುವ ಪಾತ್ರೆಯಲ್ಲಿ ಕಟ್ಟುವ ಬಿಳಿಯ ಹೆಪ್ಪು ಎಂಜಿನಿನೊಳಗೂ ಕಟ್ಟಿ ಉಷ್ಣದ ಹರಿವನ್ನು ತಡೆಯುವುದು. ಆಗ ಎಂಜಿನು ಕಾಯುವುದು. ಕಾಯುತ್ತಿದೆಯೆಂದು ಮೆಕ್ಯಾನಿಕ್ ಥರ್ಮೋಸ್ಟಾಟನ್ನು ಕಿತ್ತೆಸೆಯುವನು. ರೋಗವನ್ನು ಬಿಟ್ಟು ನಾಡಿಯನ್ನು ಕತ್ತರಿಸಿದಂತೆ ಇದು. ಬಟ್ಟಿ ಇಳಿಸಿದ ನೀರೂ ಕೂಲೆಂಟೂ ಸೇರಿದರೆ ಆಗುವ ಖರ್ಚು ಅಲ್ಪ.

ಈಗ ಬ್ರೇಕಿಗೆ ಬರೋಣ. ಸುಮಾರು 900 ಕಿಲೋಗ್ರಾಮಿನ ಕಾರು ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನಶಕ್ತಿ 2,22,000 ಜೌಲ್. 40 ಕಿಲೋಮೀಟರಿನಲ್ಲಿ ಅದರ ಕಾಲುಪಾಲು. ಈ ಶಕ್ತಿಯನ್ನೆಲ್ಲ ಬ್ರೇಕು ಉಷ್ಣವಾಗಿ ಮಾರ್ಪಡಿಸಬೇಕು. ಕಾಲಿನ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಒಯ್ಯುವುದು ಪಾಸ್ಕಲ್ಲನ ನಿಯಮದಂತೆ ಒಂದು ದ್ರವ. ದ್ರವವನ್ನು ಹಿಂಡಲಾಗದು, ಆವಿಯನ್ನು ಹಿಂಡಬಹುದು. ಎಲ್ಲ ತೊಂದರೆಯೂ ಇಲ್ಲಿದೆ. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವುಂಟು. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯದಿರಬೇಕು. ತೇವ ಹೀರಿದ ಬಳಿಕ ಅದರ ಮಿತಿ 155ಕ್ಕೆ ಇಳಿಯುವುದು. ಇಪ್ಪತ್ತು ವರ್ಷದ ಹಳೆಯ ದ್ರವ ಇನ್ನೂ ಹೀನ. ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದು ಕುದಿದು ಗುಳ್ಳೆಯಾಗುವುದು. ಪೆಡಲು ನೆಲಮುಟ್ಟುವುದು, ಕಾರು ನಿಲ್ಲದು.

ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಟಿ.ಡಿ., ಎಂ.ಜಿ.ಎ., ಮೊದಮೊದಲ ಎಂ.ಜಿ.ಬಿ. ಇವುಗಳಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ದ್ರವದ ಒಂದೇ ಜಾಲ. ಇಂದಿನ ಕಾರುಗಳಲ್ಲಿ ಎರಡು ಜಾಲಗಳಿದ್ದು ಒಂದು ಹೋದರೂ ಇನ್ನೊಂದು ಉಳಿಯುವುದು. ಅವುಗಳಲ್ಲಿ ಹಾಗಿಲ್ಲ, ಒಂದು ಚಕ್ರದ ಬಳಿಯ ರಬ್ಬರಿನ ಕೊಳವೆ ಒಡೆದರೆ ನಾಲ್ಕು ಚಕ್ರಗಳಿಗೂ ಬ್ರೇಕಿಲ್ಲ. ಆದುದರಿಂದ ರಬ್ಬರಿನ ಕೊಳವೆಗಳು, ಚಕ್ರದ ಸಿಲಿಂಡರುಗಳು, ಮಾಸ್ಟರ್ ಸಿಲಿಂಡರು ಇವು ನೋಡಲು ಚೆನ್ನಾಗಿಯೇ ಇದ್ದರೂ ಬದಲಾಯಿಸಬೇಕು. ಬಣ್ಣಕ್ಕೂ ಚರ್ಮದ ಆಸನಕ್ಕೂ ಹಣವನ್ನು ಎತ್ತಿಟ್ಟು ಬ್ರೇಕನ್ನು ಮುಂದಕ್ಕೆ ತಳ್ಳುವ ಒಡೆಯನಿಗೆ ಕೀಲಿಕೈಯನ್ನೇ ಕೊಡಬಾರದೆಂಬುದು ನನ್ನ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಹಳೆಯ ಬ್ರೇಕಿನ ಪಟ್ಟಿಗಳಲ್ಲಿಯೂ ಕ್ಲಚ್ಚಿನಲ್ಲಿಯೂ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳನ್ನು ಗಾಳಿಯ ಪೈಪಿನಿಂದ ಊದಬಾರದು. ಮೂಗುಬಾಯಿಗಳನ್ನು ಮುಚ್ಚಿಕೊಂಡು ಒದ್ದೆಬಟ್ಟೆಯಿಂದ ಒರೆಸಬೇಕು. ಶ್ವಾಸಕೋಶದೊಳಗೆ ಹೋದ ಅದರ ಎಳೆಗಳು ಹೊರಬರುವುದಿಲ್ಲ.

ಈ ಕಾರುಗಳ ತಂತಿಚಕ್ರ ಬಹು ಸುಂದರವಾದ ವಸ್ತು. ಅದರ ತತ್ತ್ವವನ್ನು ನಮ್ಮ ಎತ್ತಿನಗಾಡಿಯ ಚಕ್ರದೊಡನೆ ಹೋಲಿಸಿದರೆ ಚೆನ್ನಾಗಿ ತಿಳಿಯುವುದು. ಗಾಡಿಯ ಚಕ್ರದಲ್ಲಿ ದಪ್ಪ ಮರದ ಅರಗಳು. ನಡುವಿನ ಗುಂಬ ಕೆಳಗಿನ ಅರಗಳ ಮೇಲೆ ಕಂಬದ ಮೇಲೆ ತೊಲೆ ಕುಳಿತಂತೆ ಕುಳಿತಿರುವುದು. ತೆಳ್ಳನೆಯ ಉಕ್ಕಿನ ತಂತಿ ಹಾಗೆ ಭಾರ ಹೊರಲಾರದು, ಬಾಗಿಬಿಡುವುದು. ಆದುದರಿಂದ ತಂತಿಗಳನ್ನೆಲ್ಲ ವೀಣೆಯ ತಂತಿಯಂತೆ ಮೊದಲೇ ಬಿಗಿದಿರುತ್ತಾರೆ. ಭಾರ ಬಿದ್ದಾಗ ಕೆಳಗಿನ ತಂತಿಗಳ ಬಿಗಿತ ಕಡಿಮೆಯಾಗುವುದಷ್ಟೆ. ಅವು ಎಂದೂ ಒತ್ತಡಕ್ಕೆ ಸಿಲುಕುವುದಿಲ್ಲ. ಬಿಗಿತವನ್ನು ಪರೀಕ್ಷಿಸಲು ಕಿವಿಯೇ ಸಾಕು. ಚಿಕ್ಕ ಸ್ಪ್ಯಾನರಿನಿಂದ ಒಂದೊಂದೇ ತಂತಿಯನ್ನು ಮೆಲ್ಲನೆ ತಟ್ಟುತ್ತ ಹೋಗಿರಿ. ಸ್ವರದ ಆವೃತ್ತಿ ಬಿಗಿತದ ವರ್ಗಮೂಲದಂತೆ ಏರಿಳಿಯುವುದರಿಂದ, ಒಂದು ತಂತಿ ನೆರೆಯ ತಂತಿಗಿಂತ ಒಂದು ಸ್ಥಾಯಿ ಕೆಳಗೆ ನುಡಿದರೆ ಅದರಲ್ಲಿ ಉಳಿದಿರುವುದು ಕಾಲುಪಾಲು ಬಿಗಿತ ಮಾತ್ರ. ಸತ್ತ ಧ್ವನಿ ಬಂದರೆ ತಂತಿ ಮುರಿದಿದೆ.

ಚಕ್ರವನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ನಟ್ಟು. ಕಾರಿನ ಎಡಗಡೆಯದಕ್ಕೆ ಸಾಮಾನ್ಯವಾದ ಬಲ ಥ್ರೆಡ್, ಬಲಗಡೆಯದಕ್ಕೆ ಎಡ ಥ್ರೆಡ್. ಎರಡು ಕಡೆಯೂ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ತಿರುಗಿಸಿದರೆ ನಟ್ಟು ಸಡಿಲ, ಹಿಂದಕ್ಕೆ ತಿರುಗಿಸಿದರೆ ಬಿಗಿ. ಓಡುವಾಗ ಚಕ್ರದ ಸೂಕ್ಷ್ಮ ಅಲುಗಾಟ ನಟ್ಟನ್ನು ಬಿಗಿಯುವ ಕಡೆಗೆ ಒಯ್ಯಲಿ ಎಂಬುದೇ ಈ ಏರ್ಪಾಡಿನ ಉದ್ದೇಶ. ಬಿಚ್ಚಿ ಜೋಡಿಸುವಾಗ ಎಡದ ಹಬ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಅದೇ ಅಲುಗಾಟ ನಟ್ಟನ್ನು ಸಡಿಲಿಸುವುದು, ಚಕ್ರ ದಾರಿಯಲ್ಲಿ ಕಳಚುವುದು. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಎಡ ಬಲ ಎಂದು ಚೀಟಿ ಕಟ್ಟಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಇದಕ್ಕಾಗಿಯೇ. ಎಲ್ಲವನ್ನೂ ಒಮ್ಮೆಗೇ ಬಿಚ್ಚಿ ಚೀಲಗಳಲ್ಲಿ ತುಂಬಿದ ಕಾರು ಮತ್ತೆ ಕಾರಾಗುವುದು ಅಪರೂಪ. ಕೊನೆಗೆ ಗುಜರಿಯ ತಕ್ಕಡಿಗೆ ಹೋಗುವುದೇ ಹೆಚ್ಚು. ಟಿ.ಸಿ., ಟಿ.ಡಿ. ಎಂಜಿನುಗಳಲ್ಲಿ ಬೋಲ್ಟಿನ ತಲೆ ವಿಟ್‌ವರ್ತ್ ಅಳತೆಯದು, ಥ್ರೆಡ್ ಮಾತ್ರ ಮೆಟ್ರಿಕ್ ಎಂಬ ವಿಚಿತ್ರವೂ ಉಂಟು. ಸಿಕ್ಕಿದ ಸ್ಪ್ಯಾನರಿನಿಂದ ತಿರುಗಿಸಿದರೆ ತಲೆ ಉರುಟಾಗುವುದೇ ಫಲ.

ಎಂಜಿನಿನಲ್ಲಿ ಮನಸ್ಸನ್ನು ಸೆಳೆಯುವ ಭಾಗ ಎಸ್.ಯು. ಕಾರ್ಬ್ಯುರೇಟರು. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ವಿಷಯವನ್ನು ನೀವು ಕೇಳಿರಬಹುದು. ನೀರು ಏರಿದಂತೆ ಬಾಗಿಲು ತಾನಾಗಿ ತೆರೆದು, ಇಳಿದಂತೆ ತಾನಾಗಿ ಮುಚ್ಚಿ ಮಟ್ಟವನ್ನು ಕಾಯುತ್ತಿತ್ತು. ಎಸ್.ಯು. ಕಾರ್ಬ್ಯುರೇಟರು ಗಾಳಿಗೆ ಇದನ್ನೇ ಮಾಡುವುದು. ಎಂಜಿನು ಹೆಚ್ಚು ಗಾಳಿಯನ್ನು ಎಳೆದಾಗ ಒಳಗಿನ ಪಿಸ್ಟನ್ನು ಮೇಲೇರಿ ದಾರಿಯನ್ನು ಅಗಲಗೊಳಿಸುವುದು; ಕಡಿಮೆ ಎಳೆದಾಗ ಇಳಿಯುವುದು. ಹೀಗಾಗಿ ಅಲ್ಲಿ ಒತ್ತಡದ ಇಳಿತ ಬಹುಮಟ್ಟಿಗೆ ಒಂದೇ ಆಗಿ ಉಳಿಯುವುದು. ಪಿಸ್ಟನ್ನಿಗೆ ಕಟ್ಟಿದ ಮೊನಚಾದ ಸೂಜಿಯೊಂದು ಜೆಟ್ಟಿನ ರಂಧ್ರದಲ್ಲಿ ಏರಿಳಿದು ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಬಿಡುವುದು. ಹೊಸಬರು ಮರೆಯುವುದು ಒಂದನ್ನು: ಮೇಲಿನ ಕೊಳವೆಯಲ್ಲಿ ತುಸು ಎಣ್ಣೆ ಇರಬೇಕು. ಅದಿಲ್ಲದಿದ್ದರೆ ಪಿಸ್ಟನ್ನು ಥಟ್ಟನೆ ನೆಗೆದು, ಆ್ಯಕ್ಸಿಲರೇಟರು ತುಳಿದಾಗ ಎಂಜಿನು ಕೆಮ್ಮುವುದು.

ಇಂದಿನ ಪೆಟ್ರೋಲು ಅಂದಿನದಲ್ಲ. ಸೀಸ ಬೆರೆಸಿದ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಮೆದು ಕಬ್ಬಿಣದ ವಾಲ್ವುಪೀಠಗಳಿಗೆ ಸೀಸ ಒಂದು ರಕ್ಷೆಯಾಗಿದ್ದುದರಿಂದ ಸಿಲಿಂಡರಿನ ತಲೆಯನ್ನು ಬಿಚ್ಚಿದಾಗ ಗಟ್ಟಿಯುಕ್ಕಿನ ಪೀಠಗಳನ್ನು ಕೂರಿಸಿಬಿಡಬೇಕು. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಕಬ್ಬಿನ ಸೀಮೆಯವರಾದ ನಮಗೆ ಇದರಲ್ಲಿ ಸಂತೋಷವೇ. ಹಳೆಯ ಕಾರಿಗೆ ಮಾತ್ರ ಎಚ್ಚರ ಬೇಕು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಸುವುದು. ನೀರನ್ನು ಹೀರಿ, ಬಹುಕಾಲ ನಿಂತರೆ ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ಇಳಿಯುವುದು. ಅದರ ಉಷ್ಣಮೌಲ್ಯ ಪೆಟ್ರೋಲಿನದರ ಮೂರನೆಯ ಎರಡು ಪಾಲಿನಷ್ಟು. ಪರಿಹಾರ ಕಷ್ಟವಲ್ಲ: ಎಥನಾಲ್ ತಡೆಯುವ ಹೊಸ ಕೊಳವೆಗಳು, ಜೆಟ್ಟನ್ನು ತುಸು ಇಳಿಸಿ ಮಿಶ್ರಣವನ್ನು ದಟ್ಟಗೊಳಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡುವುದು.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಮಾತು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವ ಮೈಗೆ ಸೇರಿರುವುದು. 1967ಕ್ಕೆ ಮುಂಚಿನ ಎಂ.ಜಿ.ಗಳಲ್ಲಿ ಧನಧ್ರುವ ಮೈಗೆ ಸೇರಿತ್ತು. ತಿಳಿಯದೆ ಅಭ್ಯಾಸಬಲದಿಂದ ಬ್ಯಾಟರಿ ಕೂರಿಸಿದರೆ ಡೈನಮೋಗೂ, ಹೊಸದಾಗಿ ಹಾಕಿಸಿದ ಯಾವುದೇ ಎಲೆಕ್ಟ್ರಾನಿಕ್ ಉಪಕರಣಕ್ಕೂ ಅಪಾಯ.

ಕಷ್ಟಗಳು ಹೆಚ್ಚಾದಾಗ ಗೆಳೆಯರು ಒಂದು ಸುಲಭದ ದಾರಿಯನ್ನು ತೋರಿಸುವರು: ‘ಹಳೆಯ ಎಂಜಿನು ಏಕೆ? ಹೊಸ ಕಾರಿನದೊಂದನ್ನು ಕೂರಿಸಿಬಿಡಿ.’ ಇದನ್ನು ಕೇಳುವ ಮೊದಲು ಕಾನೂನನ್ನು ಓದಬೇಕು. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಮೋಟಾರು ವಾಹನಗಳ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆ ದೊರೆಯುವುದು. ಅವಕ್ಕೆ ರಾಜ್ಯದ ಅಕ್ಷರಗಳ ಬಳಿಕ ‘ವಿ.ಎ.’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವೆಂದು ಗೊತ್ತುಮಾಡಲಾಯಿತು. ಅವಧಿ 10 ವರ್ಷ. ಚಾಸಿಸ್, ಮೈ ಅಥವಾ ಎಂಜಿನಿನಲ್ಲಿ ಗಣನೀಯವಾದ ಮಾರ್ಪಾಡು ಮಾಡಿದ ವಾಹನಕ್ಕೆ ಆ ಮಾನ್ಯತೆಯಿಲ್ಲ. ಎಂದರೆ, ಎರಡು ದಿನದ ಆತುರದಲ್ಲಿ ಎಂಜಿನು ಬದಲಾಯಿಸಿದವನು ಅರವತ್ತು ವರ್ಷದ ಕಾರನ್ನು ಕಾನೂನಿನ ಕಣ್ಣಿನಲ್ಲಿ ಬರಿಯ ಹಳೆಯ ಕಾರನ್ನಾಗಿ ಮಾಡಿದಂತಾಯಿತು. ಮಾನ್ಯತೆ ಪಡೆದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇವಕ್ಕಾಗಿ ರಸ್ತೆಗೆ ಇಳಿಸಬಹುದು. ಹಳೆಯ ಆರ್.ಸಿ. ಪುಸ್ತಕ, ಮೈಮೇಲೆ ಹೊಡೆದ ಚಾಸಿಸ್ ಸಂಖ್ಯೆಯ ಫಲಕ ಇವನ್ನು ಎಂಜಿನಿಗಿಂತಲೂ ಜೋಪಾನವಾಗಿ ಕಾಯಬೇಕು. ಬಣ್ಣ ಹೊಡೆಯುವವನು ಆ ಫಲಕವನ್ನು ಬಿಚ್ಚಿ ಎಲ್ಲಿಯೋ ಇಟ್ಟು ಮರೆತರೆ ಒಡೆಯನ ಬಳಿ ಉಳಿಯುವುದು ಹೆಸರಿಲ್ಲದ ಕಾರು.

ಮೊದಲ ಓಟಕ್ಕೆ ಎಕ್ಸ್‌ಪ್ರೆಸ್ ಹೆದ್ದಾರಿ ತಕ್ಕ ಜಾಗವಲ್ಲ. ಹಿಂದಿನಿಂದ ಬರುವ ಲಾರಿಗೆ ಈ ಕಾರಿನ ಬ್ರೇಕಿನ ಶಕ್ತಿ ಎಷ್ಟೆಂಬುದು ತಿಳಿಯದು. ಪಾಂಡವಪುರದಿಂದ ತೊಣ್ಣೂರು ಕೆರೆಯ ಕಡೆಗೆ ಮುಂಜಾನೆ ಹೊತ್ತಿನಲ್ಲಿ, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಟೆಗೆ 40 ಕಿಲೋಮೀಟರಿನೊಳಗೆ ಹೋಗಿ ಬಂದರೆ ಸಾಕು. ಬಂದೊಡನೆ ನಾಲ್ಕು ಚಕ್ರಗಳ ನಡುವಿಗೂ ಕೈಯನ್ನು ಸಮೀಪ ಒಯ್ದು ನೋಡಿರಿ. ಒಂದು ಉಳಿದುವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಿರಿ, ತಂತಿಗಳನ್ನು ಮತ್ತೆ ತಟ್ಟಿ ಕೇಳಿರಿ. 500 ಕಿಲೋಮೀಟರು ತುಂಬಿದ ಬಳಿಕ ಎಂಜಿನಿನ ಎಣ್ಣೆಯನ್ನು ಇಳಿಸಿ, ಒಂದಿಷ್ಟನ್ನು ಬಿಳಿಯ ಬಟ್ಟೆಯ ಮೂಲಕ ಸೋಸಿ ಬಿಸಿಲಿನಲ್ಲಿ ಹಿಡಿದು ನೋಡಬೇಕು. ಲೋಹದ ಹೊಳೆಯುವ ಕಣಗಳು ಕಂಡರೆ ಬೇರಿಂಗು ಸವೆಯುತ್ತಿದೆ, ತಲೆಯನ್ನೂ ತಳವನ್ನೂ ಮತ್ತೆ ಬಿಚ್ಚಬೇಕಾಗುವುದು. ಬರಿಯ ಕಪ್ಪು ಮಸಿ ಕಂಡರೆ ಹೊಸ ಎಣ್ಣೆ ತುಂಬಿ, ಮುಂದಿನ ಪರೀಕ್ಷೆಯ ಓಟವನ್ನು ನಾಗಮಂಗಲದವರೆಗೆ ಬೆಳೆಸಬಹುದು.